ಮಾತು ಬಿಟ್ಟವರ ಜೊತೆ ಹೂದೋಟದಲ್ಲಿ

ಕಾಲೇಜಿನ ದಿನಗಳಲ್ಲಿ ನಾವು ಮೂವರು ಕೋಲಾರದ ಹಾಸ್ಟೆಲಿನ ಒಂದೇ ರೂಮಿನಲ್ಲಿದ್ದೆವು. ಒಬ್ಬಳು ಮುಳಬಾಗಿಲಿನ ಪುರೋಹಿತರ ಮನೆಯವಳು, ಈಗ ಅಲ್ಲೇ ಒಂದು ಶಾಲೆಯ ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ. ಇನ್ನೊಬ್ಬಳು ಬೈರಕೂರಿನವಳು, ಮಾವಿನ ತೋಟ, ಟೊಮೆಟೊ ಅಂತ ಗಂಡನ ಜೊತೆ ದಿನವಿಡೀ ಹೊಲದಲ್ಲೇ ಇರುತ್ತಾಳೆ. ನಾನು ವೇಮಗಲ್ ಕಡೆಯವಳು, ಮದುವೆಯಾಗಿ ಕೋಲಾರದಲ್ಲೇ ಉಳಿದು ಟೀಚರ್ ಆದೆ. ಅವರಿಬ್ಬರ ಮನೆಮಾತು ತೆಲುಗು. ನಮ್ಮ ಮನೆಯಲ್ಲಿ ಬರೀ ಕನ್ನಡ. ಅವರು ನಿಧಾನವಾಗಿ ಆಡಿದರೆ ನನಗೂ ತಿಳಿಯುತ್ತದೆ, ಜೋರು ಹಿಡಿದರೆ ಅರ್ಧಕ್ಕರ್ಧ ಜಾರಿಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಅವರಿಬ್ಬರೂ ಮಾತು ಬಿಟ್ಟರು. ಮುಳಬಾಗಿಲಿನವಳು ಹೊಸ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಕೈಜೋಡಿಸೋಣವೆಂದು ಬೈರಕೂರಿನವಳು ಹಿಂದಿನ ದಿನವೇ ಹೋಗಿದ್ದಳಂತೆ. ಯಾರೋ ನೆಂಟರು ಇವಳನ್ನು ನೋಡಿ, ಯಾರು, ಯಾಕೆ ಬಂದಿದ್ದಾಳೆ ಎಂದು ಕೇಳಿದಾಗ ಮುಳಬಾಗಿಲಿನವಳು ‘ಊರ್ಕೆ ವಚ್ಚಿಂದಿ’ ಅಂದಳಂತೆ. ಸುಮ್ಮನೆ ಬಂದಿದ್ದಾಳೆ ಅಂತಲೂ ಆಗುತ್ತದೆ, ಬಿಟ್ಟಿ ಬಂದಿದ್ದಾಳೆ ಅಂತಲೂ ಆಗುತ್ತದೆ. ಬೈರಕೂರಿನವಳು ಊಟಕ್ಕೆ ನಿಲ್ಲದೆ ಹೊರಟುಬಿಟ್ಟಳು. ಹೀಗೆಂದು ನಾನು ತಿಳಿದುಕೊಂಡಿದ್ದೆ. ಆ ದಿನ ನಾನು ಅಲ್ಲಿರಲಿಲ್ಲ.

ಅಂದಿನಿಂದ ಇಬ್ಬರ ನಡುವೆ ನಾನೊಬ್ಬಳೇ ಉಳಿದೆ. ಇವಳು ಫೋನು ಮಾಡಿದರೆ ಕೊನೆಯಲ್ಲಿ, ಏನೂ ಅಲ್ಲದ ಹಾಗೆ, ಅವಳ ಸುದ್ದಿ ಕೇಳುತ್ತಿದ್ದಳು. ಅವಳೂ ಹಾಗೇ. ನಾನು ಇಬ್ಬರಿಗೂ ಇಬ್ಬರ ಸುದ್ದಿ ಒಪ್ಪಿಸುತ್ತಿದ್ದೆ. ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಒಬ್ಬಳು ಬೆಳಿಗ್ಗೆ ಬಂದು ಹೋದಳು, ಇನ್ನೊಬ್ಬಳು ಸಂಜೆಗೆ ಬಂದಳು. ಒಬ್ಬಳು ಬರುವ ಹೊತ್ತನ್ನು ಮತ್ತೊಬ್ಬಳು ನನ್ನಿಂದ ಮೊದಲೇ ವಿಚಾರಿಸಿಕೊಂಡಿದ್ದಳು.

ಕಳೆದ ವಸಂತದಲ್ಲಿ, ಯುಗಾದಿ ಹತ್ತಿರ ಬಂದಿದ್ದಾಗ, ಒಂದು ಭಾನುವಾರ ಬೈರಕೂರಿನವಳು ಕೋಲಾರಕ್ಕೆ ಬಂದಳು. ಅವಳಿಗೆ ಕಸಿ ಗುಲಾಬಿ ಸಸಿ ಬೇಕಿತ್ತು. ಸರ್ಕಾರಿ ಹೂದೋಟದ ಪಕ್ಕದಲ್ಲೇ ಸಸಿ ಮಾರುತ್ತಾರೆ, ಹಾಗೇ ತೋಟವನ್ನೂ ನೋಡೋಣವೆಂದು ಇಬ್ಬರೂ ಒಳಗೆ ಹೋದೆವು. ಹೊಂಗೆ ಮರಗಳೆಲ್ಲ ಎಳೆ ಹಸಿರು ಚಿಗುರಿದ್ದವು. ದಾರಿಯ ಎರಡೂ ಕಡೆ ಚೆಂಡುಹೂವಿನ ಸಾಲು, ನಡುವಿನ ಪಾತಿಯಲ್ಲಿ ತಟ್ಟೆಯಗಲದ ಡೇಲಿಯಾ. ಕೀಳಬೇಡಿ ಎಂಬ ಬೋರ್ಡಿನ ಕೆಳಗೇ ಯಾರೋ ಕಿತ್ತು ಎಸೆದ ಹೂಗಳು ಬಾಡಿ ಬಿದ್ದಿದ್ದವು.

ಆಗ ಮುಳಬಾಗಿಲಿನವಳ ಫೋನು ಬಂತು. ನೆಂಟರ ಮನೆಯ ನಾಮಕರಣಕ್ಕೆ ಕೋಲಾರಕ್ಕೆ ಬಂದಿದ್ದಳಂತೆ, ಊಟವಾಯಿತಂತೆ. ಎಲ್ಲಿದ್ದೀಯ ಎಂದು ಕೇಳಿದಳು. ಹೂದೋಟದಲ್ಲಿ ಅಂದೆ. ಅಲ್ಲೇ ಇರು, ಬಂದೆ ಎಂದು ಫೋನಿಟ್ಟಳು. ಜೊತೆಯಲ್ಲಿ ಯಾರಿದ್ದಾರೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಮಾತೇ ಇರಲಿಲ್ಲ. ತಿರುಗಿ ಮಾಡಿದರೆ ಎತ್ತಲಿಲ್ಲ.

ಬಿಸಿಲು ಹೆಚ್ಚಾಯಿತು, ಸಸಿ ತೆಗೆದುಕೊಂಡು ಮನೆಗೆ ಹೋಗೋಣ ಎಂದು ಬೈರಕೂರಿನವಳನ್ನು ಹೊರಡಿಸಲು ನೋಡಿದೆ. ಹೊಲದಲ್ಲಿ ನಿಲ್ಲುವವಳಿಗೆ ಇದೆಂಥ ಬಿಸಿಲು ಎಂದು ಅವಳು ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ಆರಾಮಾಗಿ ಕೂತಳು. ಹೇಳಿಬಿಡಲೇ ಅನ್ನಿಸಿತು. ಹೇಳಿದರೆ ಎದ್ದು ಹೋಗುತ್ತಾಳೆ, ಹೇಳದಿದ್ದರೆ ಬೇಕೆಂದೇ ಕರೆಸಿದೆ ಎಂದುಕೊಳ್ಳುತ್ತಾಳೆ. ನೀರು ಕುಡಿದೆ. ಮತ್ತೆ ಕುಡಿದೆ. ಅಷ್ಟರಲ್ಲಿ ನೇರಳೆ ಬಣ್ಣದ ರೇಷ್ಮೆ ಸೀರೆಯಲ್ಲಿ, ಕೈಯಲ್ಲಿ ತಾಂಬೂಲದ ಚೀಲ ಹಿಡಿದು, ಚೆಂಡುಹೂವಿನ ಸಾಲಿನ ನಡುವೆ ಮುಳಬಾಗಿಲಿನವಳು ಬರುತ್ತಿರುವುದು ಕಂಡಿತು.

ನಾನು ಎದ್ದು ನಿಂತೆ. ಬೈರಕೂರಿನವಳು ಕೂತಲ್ಲಿಂದಲೇ ತಲೆಯೆತ್ತಿ ನೋಡಿದಳು.

“ಎಪ್ಪುಡೊಚ್ಚಿನಾವೇ?” ಅಂದಳು. ಯಾವಾಗ ಬಂದೆ ಅಂತ. ನಿನ್ನೆ ಸಂಜೆ ಬಿಟ್ಟು ಹೋದವಳನ್ನು ಕೇಳುವ ಹಾಗೆ.

“ಇಪ್ಪುಡೇ,” ಈಗಷ್ಟೇ, ಎಂದು ಮುಳಬಾಗಿಲಿನವಳು ರೇಷ್ಮೆ ಸೀರೆಯನ್ನೂ ನೋಡದೆ ಅವಳ ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತೇಬಿಟ್ಟಳು.

ಅಷ್ಟೇ. ತಾಂಬೂಲದ ಚೀಲದಿಂದ ಬಾಳೆಹಣ್ಣು ಹೊರಬಂತು. ಅತ್ತೆಯ ಮಂಡಿನೋವು, ಈ ಸಲದ ಮಾವಿನ ಹೂವು, ಯಾರದೋ ಮಗಳಿಗೆ ನೋಡಿದ ಗಂಡು, ಎಲ್ಲ ತೆಲುಗಿನಲ್ಲಿ, ಎಲ್ಲ ಜೋರಾಗಿ. ನಾನು ಎದ್ದವಳು ನಿಂತೇ ಇದ್ದೆ. ಬೈರಕೂರಿನವಳ ಅತ್ತೆಗೆ ಮಂಡಿನೋವೆಂದು ಮುಳಬಾಗಿಲಿನವಳಿಗೆ ಹೇಳಿದವಳು ನಾನೇ. ಆದರೆ ಅವರ ಮಾತಿನಲ್ಲಿ ನಾನು ಹೇಳಿರದ ಎಷ್ಟೋ ಸಂಗತಿಗಳೂ ಬರುತ್ತಿದ್ದವು. ಹಾಗಾದರೆ ಇವರು ನನಗೆ ತಿಳಿಯದ ಹಾಗೆ ಮೊದಲೇ ರಾಜಿಯಾಗಿದ್ದರೇ? ಅಥವಾ ನಾನೇ ಹೇಳಿ ಮರೆತಿದ್ದೆನೇ?

ಬೈರಕೂರಿನವಳು ಕೈ ತೊಳೆಯಲು ನಲ್ಲಿಯ ಕಡೆ ಹೋದಾಗ ಮುಳಬಾಗಿಲಿನವಳನ್ನು ಕೇಳಿದೆ.

“ಏನೇ ಇದು, ಮಾತಾಡ್ತಿದೀರಲ್ಲ?”

“ಮಾತಾಡ್ದೆ ಏನ್ಮಾಡ್ಲಿ? ಎದುರಿಗೆ ಸಿಕ್ಕಿದಾಳೆ.”

“ಇಷ್ಟು ವರ್ಷ ಬಿಟ್ಟಿದ್ರಲ್ಲ.”

“ಎದುರಿಗೆ ಸಿಕ್ಕಿರ್ಲಿಲ್ಲ ಕಣೇ,” ಎಂದು ಬಾಳೆಹಣ್ಣಿನ ಸಿಪ್ಪೆ ಮಡಚಿ ಚೀಲಕ್ಕೆ ಹಾಕಿದಳು. ಗೃಹಪ್ರವೇಶದ ಮಾತನ್ನು ನಾನೇ ಎತ್ತಿದೆ. ಹಾಗೆ ಅಂದದ್ದು ತಾನಲ್ಲ, ತನ್ನ ನಾದಿನಿ ಎಂದಳು. ಅದಕ್ಕೂ ಮಾತು ಬಿಟ್ಟಿದ್ದಕ್ಕೂ ಸಂಬಂಧವೇ ಇಲ್ಲವಂತೆ. ಹಾಗಾದರೆ ಯಾಕೆ ಬಿಟ್ಟಿರಿ ಎಂದರೆ, ಡೇಲಿಯಾ ಕಡೆ ನೋಡುತ್ತಾ, ಇದನ್ನು ಕುಂಡದಲ್ಲಿ ಬೆಳೆಸಬಹುದೇ ಎಂದು ಕೇಳಿದಳು.

ಸಸಿ ಆರಿಸುವಾಗ ಬೈರಕೂರಿನವಳ ಜೊತೆ ಒಂದು ನಿಮಿಷ ಸಿಕ್ಕಿತು. ಅವಳು ಕೆಂಪು ಗುಲಾಬಿಯ ಬೇರಿನ ಮಣ್ಣನ್ನು ಒತ್ತಿ ನೋಡುತ್ತಿದ್ದಳು.

“ನಂಗೇನೇ ಜಗಳ?” ಅಂದಳು. “ಅವ್ಳಿಗೆ ಬೇಜಾರಾಗಿದೆ ಅಂತ ನೀನ್ ತಾನೇ ಹೇಳಿದ್ದು.”

ನಾನು ಹೇಳಿದ್ದೆನೇ? ಊಟ ಬಿಟ್ಟು ಹೊರಟ ದಿನ ಅಳುತ್ತಾ ಫೋನು ಮಾಡಿದ್ದು ಇವಳೇ ಅಲ್ಲವೇ? ಅಥವಾ ಅದು ಬೇರೆ ಯಾವುದೋ ದಿನ, ಬೇರೆ ಯಾವುದೋ ಅಳುವೇ? ಪೂಜೆಯ ದಿನ ಯಾಕೆ ಅವಳು ಬರುವ ಹೊತ್ತು ವಿಚಾರಿಸಿಕೊಂಡು ಬಂದೆ ಎಂದು ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಕೆಂಪನ್ನು ಬಿಟ್ಟು, ಬಿಳಿಯದು ಯಾವುದಿದೆ ಎಂದು ಮಾಲಿಯನ್ನು ಕೇಳಲು ಹೋದಳು. ಮುಳಬಾಗಿಲಿನವಳಿಗೆ ಬಿಳಿ ಗುಲಾಬಿಯೆಂದರೆ ಇಷ್ಟವಂತೆ. ಅದು ನನಗೆ ಗೊತ್ತಿರಲಿಲ್ಲ.

ಸಂಜೆ ಇಬ್ಬರೂ ಒಂದೇ ಬಸ್ಸು ಹತ್ತಿದರು. ಬೈರಕೂರಿಗೂ ಮುಳಬಾಗಿಲಿನ ಮೇಲೆಯೇ ಹೋಗಬೇಕು. ಕಿಟಕಿಯ ಪಕ್ಕದ ಸೀಟಿಗೆ ಹಾಸ್ಟೆಲಿನ ದಿನಗಳ ಹಾಗೆಯೇ ತಳ್ಳಾಡಿದರು. ಕೊನೆಗೆ ಸಸಿಗಳಿಗೆ ಗಾಳಿ ಬೇಕೆಂದು ಬೈರಕೂರಿನವಳು ಕೂತಳು. ಬಸ್ಸು ಹೊರಟಾಗ ಇಬ್ಬರೂ ಕೈಬೀಸಿದರು. ನಾನೂ ಬೀಸಿದೆ. ಸಂತೋಷವಾಗಿರಬೇಕಿತ್ತು, ಆಗಿತ್ತು ಕೂಡ. ಆದರೆ ಆಟೋದಲ್ಲಿ ಕೂತಾಗ ಯಾಕೋ ಅಳು ಬರುವ ಹಾಗಾಗಿ, ಯಾಕೆಂದು ತಿಳಿಯದೆ, ಡ್ರೈವರಿಗೆ ಮನೆಯ ದಾರಿಯನ್ನೇ ತಪ್ಪು ಹೇಳಿದೆ.

ಆಮೇಲೆ ಅವರಿಬ್ಬರೂ ಹಬ್ಬಹರಿದಿನಕ್ಕೆ ಒಬ್ಬರ ಮನೆಗೊಬ್ಬರು ಹೋಗಿಬರತೊಡಗಿದರು. ನನಗೆ ಬರುವ ಫೋನುಗಳು ಕಡಿಮೆಯೇನೂ ಆಗಲಿಲ್ಲ, ಚಿಕ್ಕವಾದವು. ಚೆನ್ನಾಗಿದ್ದೀಯಾ, ಮಕ್ಕಳು ಹೇಗಿದ್ದಾರೆ ಎಂದಾದ ಮೇಲೆ ಮುಂದೆ ಏನು ಹೇಳಬೇಕೋ ನನಗೆ ಹೊಳೆಯುತ್ತಿರಲಿಲ್ಲ. ಇಷ್ಟು ವರ್ಷ ನಾವು ಮಾತಾಡಿದ್ದೆಲ್ಲ ಇನ್ನೊಬ್ಬಳ ವಿಷಯವೇ ಆಗಿತ್ತೇನೋ.

ಮಳೆಗಾಲಕ್ಕೆ ಮುಂಚೆ ಒಂದು ಮಧ್ಯಾಹ್ನ ಇಬ್ಬರೂ ಒಟ್ಟಿಗೆ ನಮ್ಮ ಮನೆಗೆ ಬಂದರು. ಊಟಕ್ಕೆ ಕೂತಾಗ ನೇರವಾಗಿಯೇ ಕೇಳಿದೆ: ಅಷ್ಟು ವರ್ಷ ಯಾಕೆ ಮಾತು ಬಿಟ್ಟಿದ್ದಿರಿ, ನನಗೊಬ್ಬಳಿಗಾದರೂ ಹೇಳಿ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೈರಕೂರಿನವಳು ತೆಲುಗಿನಲ್ಲಿ ಏನೋ ಶುರು ಮಾಡಿದಳು, ಮುಳಬಾಗಿಲಿನವಳು ನಡುವೆ ಬಾಯಿ ಹಾಕಿ ಅದನ್ನು ತಿದ್ದಿದಳು, ಇಬ್ಬರೂ ತುತ್ತು ನೆತ್ತಿಗೇರುವಷ್ಟು ನಕ್ಕರು.

“ಕನ್ನಡದಲ್ಲಿ ಹೇಳ್ರೇ,” ಅಂದೆ.

“ಬಿಡೇ, ನಿಂಗ್ಯಾಕೆ ಅದು,” ಎಂದು ಮುಳಬಾಗಿಲಿನವಳು ಕಣ್ಣೊರೆಸಿಕೊಳ್ಳುತ್ತಾ ಮಜ್ಜಿಗೆಗೆ ಲೋಟ ಮುಂದೆ ಮಾಡಿದಳು.

ಬಡಿಸಿದೆ. ಅವರ ನಗು ನೋಡಿ ನನಗೂ ನಗು ಬಂತು, ಯಾಕೆ ಎಂದು ಮಾತ್ರ ತಿಳಿಯಲಿಲ್ಲ.