ಹುಳುಮನೆಯ ಲಿನಕ್ಸ್

ಕಳೆದ ತಿಂಗಳು ಒಂದು ಶನಿವಾರ ಮಧ್ಯಾಹ್ನ ನಾನು ಚಿಂತಾಮಣಿಯ ಒಂದು ಗುಜರಿ ಅಂಗಡಿಯಲ್ಲಿ ಕುಕ್ಕರಗಾಲಲ್ಲಿ ಕೂತು, ತುಕ್ಕು ಹಿಡಿದ ಫ್ಯಾನು, ಮುರಿದ ಮಿಕ್ಸಿಗಳ ರಾಶಿಯಲ್ಲಿ ಒಂದು ಕಂಪ್ಯೂಟರ್ ಹುಡುಕುತ್ತಿದ್ದೆ. ಪಕ್ಕದಲ್ಲಿ ಶಾಹೀನ್ ಇದ್ದಳು. ಅಂಗಡಿಯವರಿಗೆ ಅನುಮಾನ.

"ಚಿನ್ನ ಗಿನ್ನ ಏನಾದ್ರೂ ಬಿಟ್ಬಿಟ್ರಾ ಮೇಡಂ ಅದ್ರಾಗೆ?"

ಇಲ್ಲ ಎಂದೆ. ಶಾಹೀನ್ ಇನ್ನೊಂದು ಮಿಕ್ಸಿಯನ್ನು ಪಕ್ಕಕ್ಕೆ ಸರಿಸಿದಳು.

ಕನ್ನಡ ಪಾಠ ಹೇಳಿ ನಿವೃತ್ತಳಾದ ನನಗೆ ಗುಜರಿಯಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ಮೊದಲಿನಿಂದಲೇ ಹೇಳುತ್ತೇನೆ.

ಜಂಗಮಕೋಟೆಯ ಹತ್ತಿರ ಒಂದು ಹಳ್ಳಿಯಲ್ಲಿ ನನ್ನ ಚಿಕ್ಕಮ್ಮನ ಮಗಳು ವರಲಕ್ಷ್ಮಿ ಇದ್ದಾಳೆ. ಗಂಡ ನಾರಾಯಣರೆಡ್ಡಿ. ಹಿಪ್ಪುನೇರಳೆ ತೋಟ, ಹಸುಗಳು, ಮುಂದಿನ ಪಂಚಾಯಿತಿ ಚುನಾವಣೆಯ ಮೇಲೆ ಒಂದು ಕಣ್ಣು. ತೋಟದ ಪಕ್ಕ ರೇಷ್ಮೆ ಹುಳು ಸಾಕಲು ಹೊಸ ಮನೆ ಕಟ್ಟಿಸಿದ ಮೇಲೆ ಊರೊಳಗಿನ ಹಳೆಯ ಹುಳುಮನೆ ಖಾಲಿ ಬಿದ್ದಿತ್ತು. ವರಲಕ್ಷ್ಮಿ ಅದನ್ನು ಗುಡಿಸಿ, ಸುಣ್ಣ ಬಳಿದು, ಊರಿನ ಹೆಂಗಸರು ಮಧ್ಯಾಹ್ನ ಬಂದು ಕೂರುವ ಜಾಗ ಮಾಡಿದಳು. ನಾಲ್ಕು ಪುಸ್ತಕ, ಒಂದು ಹೊಲಿಗೆ ಯಂತ್ರ, ಒಂದು ಚಾಪೆ. ಗಂಡಸರಿಗೆ ಅರಳಿಕಟ್ಟೆ ಇದೆ, ಟೀ ಅಂಗಡಿ ಇದೆ. ಹೆಂಗಸರಿಗೆ ಏನಿದೆ?

ಅದೇ ಹೊತ್ತಿಗೆ ನನಗೆ ಪರಿಚಯದ ಒಂದು ಶಾಲೆಯವರು ತಮ್ಮ ಹಳೇ ಕಂಪ್ಯೂಟರ್‌ಗಳನ್ನು ಹೊರಗೆ ಹಾಕುತ್ತಿದ್ದರು. ಕೆಟ್ಟಿರಲಿಲ್ಲ. ಕಂಪ್ಯೂಟರ್ ಓಡಿಸುವ ಹೊಸ ವಿಂಡೋಸ್ ಅವುಗಳಲ್ಲಿ ಸರಿಯಾಗಿ ಕೂರುವುದಿಲ್ಲ, ಅಷ್ಟೆ. (ನಾವು ನಿವೃತ್ತರಾದಾಗಲೂ ಹೀಗೇ ತಾನೆ? ಕೈಕಾಲು ಗಟ್ಟಿ ಇರುತ್ತವೆ, ಕುರ್ಚಿ ಇರುವುದಿಲ್ಲ.) ನಾಲ್ಕನ್ನು ಕೇಳಿ ತಂದೆ. ಶಿಡ್ಲಘಟ್ಟದಲ್ಲಿ ಮೊಬೈಲು, ಕಂಪ್ಯೂಟರ್ ರಿಪೇರಿ ಮಾಡುವ ಸಾದಿಕ್ ಅವುಗಳ ಧೂಳು ಹೊಡೆದು, ಹುಳುಮನೆಗೆ ತಂದಿಟ್ಟು, ವರಲಕ್ಷ್ಮಿಯನ್ನು ಕೇಳಿದ:

"ಅಕ್ಕ, ಕದ್ದಿರೋ ವಿಂಡೋಸ್ ಹಾಕ್ಕೊಡ್ಲಾ, ಪುಕ್ಕಟೆ ಲಿನಕ್ಸ್ ಹಾಕ್ಕೊಡ್ಲಾ?"

"ಕದ್ದಿದ್ದು ಯಾಕಪ್ಪ ನಮ್ಮನೇಗೆ?"

"ಎಲ್ಲರ ಮನೇಲೂ ಅದೇ ಇರೋದು ಅಕ್ಕ."

ಕೊನೆಗೆ ಒಂದರಲ್ಲಿ ವಿಂಡೋಸ್, ಮೂರರಲ್ಲಿ ಲಿನಕ್ಸ್ ಎಂದಾಯಿತು. ಯಾವುದು ಒಗ್ಗುತ್ತದೋ ಹೆಂಗಸರೇ ನೋಡಲಿ ಎಂದ ಸಾದಿಕ್.

ಲಿನಕ್ಸ್ ಎಂದರೆ ಏನು ಎಂದು ಆಗ ನನ್ನನ್ನು ಕೇಳಿದ್ದರೆ, ಕಪ್ಪು ತೆರೆಯ ಮೇಲೆ ಹಸಿರು ಅಕ್ಷರ ಕುಟ್ಟುವ ಇಂಜಿನಿಯರ್ ಹುಡುಗರ ಆಟ ಎನ್ನುತ್ತಿದ್ದೆ. ಹಾಗೇನೂ ಇರಲಿಲ್ಲ. ವಿಂಡೋಸ್ ಮಾಡುವ ಕೆಲಸವನ್ನೇ ಮಾಡುವ, ಯಾರು ಬೇಕಾದರೂ ದುಡ್ಡಿಲ್ಲದೆ ಹಾಕಿಕೊಳ್ಳಬಹುದಾದ ತಂತ್ರಾಂಶ ಅದು. ಕಂಪ್ಯೂಟರ್ ಹಾಕಿದರೆ ಎಲ್ಲ ಕಂಪ್ಯೂಟರ್‌ಗಳಲ್ಲಿರುವಂತೆಯೇ ಪುಟ್ಟ ಚಿತ್ರಗಳು, ಕಿಟಕಿಗಳು. ಒಂದೇ ವ್ಯತ್ಯಾಸ, ಸಾದಿಕ್ ಅದನ್ನು ಕನ್ನಡಕ್ಕೆ ತಿರುಗಿಸಿದ್ದ. ಫೈಲ್ ಇದ್ದಲ್ಲಿ "ಕಡತ", ಸೇವ್ ಇದ್ದಲ್ಲಿ "ಉಳಿಸು", ಎಡಿಟ್ ಇದ್ದಲ್ಲಿ "ಸಂಪಾದನೆ".

ಮೊದಲ ದಿನವೇ ಅದೇ ಊರಿನ ಶಾಹೀನ್ ಬೆರಳಿಟ್ಟು ಓದಿ ನನ್ನನ್ನು ಕೇಳಿದ್ದಳು, "ಟೀಚರಮ್ಮ, ಇದನ್ನ ಒತ್ತಿದ್ರೆ ಸಂಪಾದನೆ ಆಗುತ್ತಾ?"

ಎಲ್ಲರೂ ನಕ್ಕೆವು. ಎಸ್ಸೆಸ್ಸೆಲ್ಸಿವರೆಗೆ ಓದಿದವಳು, ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಓದುವುದು ಬರೆಯುವುದು ಕನ್ನಡ. ಇಂಗ್ಲಿಷ್ ಕಂಪ್ಯೂಟರಿನ ಮುಂದೆ ಅವಳು ಆ ಪ್ರಶ್ನೆ ಕೇಳುತ್ತಲೇ ಇರಲಿಲ್ಲ. ಸುಮ್ಮನೆ ಎದ್ದು ಹೋಗುತ್ತಿದ್ದಳು.

ಕೆಲವು ವಾರಗಳಲ್ಲಿ ತೀರ್ಪು ಬಂತು. ವಿಂಡೋಸ್ ಇದ್ದ ಕಂಪ್ಯೂಟರ್ ಮುಂದೆ ಯಾರೂ ಕೂರುತ್ತಿರಲಿಲ್ಲ. ಹಳೇ ಯಂತ್ರಕ್ಕೆ ಅದರ ಭಾರ ಹೊರುವುದಕ್ಕಾಗುತ್ತಿರಲಿಲ್ಲ, ಜೊತೆಗೆ ಕದ್ದ ಮಾಲು, ವೈರಸ್ಸು ಬೇರೆ. ಮುನಿರತ್ನಮ್ಮ ಎಂಬ ಹಿರಿಯಾಕೆ ಮೊಮ್ಮಗಳಿಗೆ ಕತೆ ಟೈಪ್ ಮಾಡಿ ಕಳಿಸುವುದನ್ನು ಕಲಿತಿದ್ದರು. ಅವರೇ ಸಾದಿಕ್‌ಗೆ ಹೇಳಿದರು, "ನಾಯನಾ, ಅದು ಯಾವಾಗ್ಲೂ ತಡಿ ತಡಿ ಅಂತೈತೆ. ಅದ್ರಾಗೂ ಇದನ್ನೇ ಹಾಕ್ಬಿಡು." ಎಲ್ಲರೂ ಹೌದು ಎಂದರು. ನಾಲ್ಕನೆಯದಕ್ಕೂ ಲಿನಕ್ಸ್ ಬಂತು.

ಗಮನಿಸಿ. ಇದನ್ನು ಅವರು ಆರಿಸಿಕೊಂಡರು. ಬಳಸಿ ನೋಡಿ, ತೂಗಿ ನೋಡಿ, ಇದು ಸಾಕು, ಇದೇ ಬೇಕು ಎಂದರು. ಆ ಹೆಂಗಸರಲ್ಲಿ ಅನೇಕರು ಗಂಡನನ್ನೂ ಆರಿಸಿಕೊಂಡವರಲ್ಲ, ಉಡುವ ಸೀರೆಯನ್ನೂ ಆರಿಸಿಕೊಂಡವರಲ್ಲ.

ಶಾಹೀನ್ ರವಿಕೆಗಳ ಮೇಲೆ ಮಣಿ, ಜರಿ ಕೂರಿಸುವ ಕೈಕಸೂತಿ ಮಾಡುತ್ತಾಳೆ. ನಮ್ಮ ಕಡೆ ಮಗ್ಗಂ ವರ್ಕ್ ಎನ್ನುತ್ತಾರೆ. ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ತೆಳು ಹಾಳೆಯ ಮೇಲಿನ ಡಿಸೈನನ್ನು ಸೂಜಿಯಿಂದ ಚುಚ್ಚಿ ಬಟ್ಟೆಗಿಳಿಸಿ, ಅದರ ಮೇಲೆ ಕೂತು ಕೆಲಸ. ಡಿಸೈನ್ ಅಂಗಡಿಯವರು ಕೊಡುತ್ತಾರೆ, ಇವಳು ತುಂಬುತ್ತಾಳೆ. ಮದುವೆಯಾದಾಗಿನಿಂದ ಬೇರೆಯವರು ಬರೆದ ನವಿಲಿಗೆ ಇವಳು ಮಣಿ ಹಚ್ಚುತ್ತಿದ್ದಳು.

ಆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಒಂದು ತಂತ್ರಾಂಶ ಇತ್ತು. ಅದೂ ಪುಕ್ಕಟೆ. ಸಾದಿಕ್ ಒಂದಿಷ್ಟು ತೋರಿಸಿದ, ವಿಡಿಯೋ ನೋಡಿ ಇನ್ನಷ್ಟು ಕಲಿತಳು. ಅರ್ಧ ಹೂವು ಬರೆದರೆ ಇನ್ನರ್ಧ ಅದೇ ಬರೆಯುತ್ತದೆ ಎಂದು ಗೊತ್ತಾದ ದಿನ ವರಲಕ್ಷ್ಮಿಯನ್ನು ಅಡುಗೆಮನೆಯಿಂದ ಎಳೆದು ತಂದು ತೋರಿಸಿದಳಂತೆ. ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಹಿಪ್ಪುನೇರಳೆ ಎಲೆಯ ಬಳ್ಳಿ. ದ್ರಾಕ್ಷಿ ಗೊಂಚಲು. ರೇಷ್ಮೆ ಗೂಡುಗಳನ್ನು ಸಾಲಾಗಿ ಜೋಡಿಸಿದ ಒಂದು ಅಂಚು, ಅದನ್ನು ನಾನು ಬೇರೆಲ್ಲೂ ನೋಡಿಲ್ಲ. ನವಿಲು ಮಾತ್ರ ಬರೆಯಲಿಲ್ಲ. "ಸಾಕಾಗೋಗೈತೆ ಟೀಚರಮ್ಮ ನವಿಲು" ಎನ್ನುತ್ತಿದ್ದಳು.

ಚಿಂತಾಮಣಿಯ ಬಟ್ಟೆ ಅಂಗಡಿಯೊಂದರ ಒಡತಿ ಆ ಗೂಡಿನ ಅಂಚಿನ ರವಿಕೆಯನ್ನು ನೋಡಿ, ಇಂಥವು ಇನ್ನೆಷ್ಟಿವೆ ಎಂದು ಕೇಳಿದಳು. ಮದುವೆ ಸೀಸನ್‌ಗೆ ಎಲ್ಲವನ್ನೂ ತೆಗೆದುಕೊಂಡು ಬಾ, ನಿನ್ನ ಡಿಸೈನನ್ನೇ ಇಡೋಣ ಎಂದಳು. ಶಾಹೀನ್ ಫೋನ್ ಮಾಡಿ ನನಗೆ ಹೇಳಿದಾಗ ಅವಳ ಧ್ವನಿ ಸಣ್ಣಗಾಗಿತ್ತು. ಗಟ್ಟಿಯಾಗಿ ಹೇಳಿದರೆ ಹಾರಿ ಹೋಗುತ್ತದೇನೋ ಎನ್ನುವ ಹಾಗೆ.

ಇಲ್ಲಿಗೆ ಕತೆ ನಿಂತಿದ್ದರೆ ಈ ವಾರ ನಾನು ನಗುನಗುತ್ತಾ ಬರೆಯುತ್ತಿದ್ದೆ.

ನಾರಾಯಣರೆಡ್ಡಿಗೆ ಬೆಂಗಳೂರಿನ ಒಂದು ಸಂಸ್ಥೆಯ ಪರಿಚಯವಾಯಿತು. ಹಳ್ಳಿಗಳನ್ನು ಉದ್ಧಾರ ಮಾಡುವ ಸಂಸ್ಥೆ. ಅವರು ಬಂದರು, ಹುಳುಮನೆ ನೋಡಿದರು, ಫೋಟೋ ಹೊಡೆದರು, "ಅಯ್ಯೋ ಪಾಪ, ಇಷ್ಟು ಹಳೇ ಸಿಸ್ಟಮ್‌ಗಳಾ" ಎಂದರು. ಹೊಸ ಕಂಪ್ಯೂಟರ್ ಕೊಡುತ್ತೇವೆ, ಒಂದು ಸಮಾರಂಭ ಮಾಡೋಣ ಎಂದರು. ನಾರಾಯಣರೆಡ್ಡಿಗೆ ಇನ್ನೇನು ಬೇಕು? ಶಾಮಿಯಾನ, ಹಾರ, ಮೈಕು. ಬಣ್ಣ ಹೊಡೆಸಬೇಕು, ಅಲ್ಲಿಯವರೆಗೆ ಯಾರೂ ಬರಬೇಡಿ ಎಂದು ಹೆಂಗಸರಿಗೆ ಹೇಳಿ ಬಾಗಿಲಿಗೆ ಬೀಗ ಹಾಕಿದರು.

ನನ್ನನ್ನೂ ಕರೆದಿದ್ದರು. ವೇದಿಕೆಯ ಮೇಲೆ ಸಂಸ್ಥೆಯ ದೊಡ್ಡವರ ಪಕ್ಕ ಕೂರಿಸಿದರು. ಒಳ್ಳೆಯ ಮನುಷ್ಯ, ಮೆದುಮಾತು. ಭಾಷಣಗಳ ನಡುವೆ ಮೆಲ್ಲಗೆ ಹೇಳಿದೆ, "ಸರ್, ಇವರಿಗೆ ಲಿನಕ್ಸ್ ಒಗ್ಗಿದೆ. ಹೊಸದರಲ್ಲೂ ಅದನ್ನೇ ಹಾಕಿಸಬಹುದಲ್ಲ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅದು ಇಂಜಿನಿಯರ್‌ಗಳಿಗೆ ಮೇಡಂ. ಇವರಿಗೆಲ್ಲ ಕಷ್ಟ ಆಗುತ್ತೆ. ಸ್ಟ್ಯಾಂಡರ್ಡ್ ಆಗಿರೋದನ್ನ ಕೊಡಬೇಕು."

"ಒಂದು ವರ್ಷದಿಂದ ಅದರಲ್ಲೇ ಮಾಡ್ತಿದ್ದಾರೆ ಸರ್."

"ಅದೇ ಹೇಳ್ತಿರೋದು. ಪಾಪ, ಇಷ್ಟು ದಿನ ಹೇಗೆ ಮ್ಯಾನೇಜ್ ಮಾಡಿದ್ರೋ."

ಎದುರಿಗೆ ಕೂತವರು ಈಜುತ್ತಿದ್ದಾರೆ, ಇವರು ದಡದಲ್ಲಿ ನಿಂತು ಅವರಿಗೆ ಈಜು ಬರುವುದಿಲ್ಲ ಎನ್ನುತ್ತಿದ್ದಾರೆ. ಕೈಗೆ ಹೂಗುಚ್ಛ ಬಂತು. ಹಿಡಿದುಕೊಂಡೆ.

ರಿಬ್ಬನ್ ಕತ್ತರಿಸಿ ಎಲ್ಲರೂ ಒಳಗೆ ಹೋದೆವು. ಹೊಸ ಕಂಪ್ಯೂಟರ್‌ಗಳು ಹೊಳೆಯುತ್ತಿದ್ದವು. ಫೋಟೋಗೆ ಹೆಂಗಸರನ್ನು ಅವುಗಳ ಮುಂದೆ ಕೂರಿಸಿದರು. ಶಾಹೀನ್‌ಗೆ ಮೌಸ್ ಹಿಡಿಯಮ್ಮ ಎಂದರು. ಹಿಡಿದಳು. ಕಂಪ್ಯೂಟರ್ ಆನ್ ಆಗಿರಲಿಲ್ಲ. ಅದರ ಪಾಸ್‌ವರ್ಡ್ ತಿಳಿದವರು ಬಂದಿರಲಿಲ್ಲ.

ಫೋಟೋ ಮುಗಿದ ಮೇಲೆ ಅವಳು ಸುತ್ತ ನೋಡಿದಳು. ಮೂಲೆ ನೋಡಿದಳು, ಮೇಜಿನ ಕೆಳಗೆ ಬಗ್ಗಿ ನೋಡಿದಳು. ಆಮೇಲೆ ನಾರಾಯಣರೆಡ್ಡಿಯ ಹತ್ತಿರ ಹೋದಳು.

"ಅಣ್ಣ, ಹಳೇವು ಎಲ್ಲಿಟ್ಟಿದ್ದೀರ?"

"ಆ ಡಬ್ಬಾಗಳಾ? ನೆನ್ನೇನೇ ಗುಜರಿ ಗಾಡಿಗೆ ಹಾಕಿಸ್ಬಿಟ್ಟೆ. ಹೊಸಾವು ಬಂದ್ವಲ್ಲಮ್ಮ."

ಶಾಹೀನ್ ಅಳಲಿಲ್ಲ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನಿಂತಳು. ಅವಳ ಡಿಸೈನ್‌ಗಳೆಲ್ಲ ಅವಳು ಕೂರುತ್ತಿದ್ದ ಹಳೇ ಕಂಪ್ಯೂಟರಿನಲ್ಲಿದ್ದವು. ಕೆಲವನ್ನು ಮಾತ್ರ ಪ್ರಿಂಟ್ ತೆಗೆಸಿದ್ದಳು. (ಇನ್ನೊಂದು ಕಾಪಿ ಇಟ್ಟುಕೊಳ್ಳಬಾರದಿತ್ತೇ ಎನ್ನುವ ಬುದ್ಧಿವಂತರಿಗೆ ಒಂದು ಪ್ರಶ್ನೆ. ನಿಮ್ಮ ಮೊಬೈಲಿನಲ್ಲಿರುವ ಮಕ್ಕಳ ಫೋಟೋಗಳ ಇನ್ನೊಂದು ಕಾಪಿ ನಿಮ್ಮ ಹತ್ತಿರ ಇದೆಯೇ?)

ನಾನು, ಅವಳು ಅಲ್ಲಿಂದಲೇ ಹೊರಟೆವು. ಗಾಡಿಯವನ ನಂಬರ್ ಸಿಕ್ಕಿತು, ಅವನು ಚಿಂತಾಮಣಿಯ ಅಂಗಡಿಯ ಗುರುತು ಹೇಳಿದ. ಹಾಗೆ ಹೋಗಿ ಕೂತದ್ದು ಆ ರಾಶಿಯ ಮುಂದೆ.

ಸಿಕ್ಕಿತು. ಶಾಹೀನ್ ಕೂರುತ್ತಿದ್ದ ಕಂಪ್ಯೂಟರ್ ಡಬ್ಬಿಯ ನೆತ್ತಿಗೆ ಮುನಿರತ್ನಮ್ಮ ಒಂದು ಹಬ್ಬದ ದಿನ ಹಚ್ಚಿದ್ದ ಕುಂಕುಮ ಇನ್ನೂ ಇತ್ತು. ಪಕ್ಕದ ತಗಡು ಮಾತ್ರ ಇರಲಿಲ್ಲ. ಒಳಗೆ ಕೈ ಹಾಕಿದರೆ ಖಾಲಿ. ನಾವು ಉಳಿಸಿದ್ದೆಲ್ಲ ಇರುವ ಆ ಚಿಕ್ಕ ಡಿಸ್ಕ್, ಅದನ್ನೇ ಕಿತ್ತುಕೊಂಡಿದ್ದರು.

"ಬೋರ್ಡು, ಡಿಸ್ಕು ಎಲ್ಲ ಬೆಳಗ್ಗೇನೇ ಲಾರಿಗೆ ಹೋಯ್ತಮ್ಮ" ಎಂದರು ಅಂಗಡಿಯವರು. ಆಮೇಲೆ ಶಾಹೀನ್ ಮುಖ ನೋಡಿ ಉರ್ದುವಿನಲ್ಲಿ ಏನೋ ಕೇಳಿದರು. ಅವಳು ಹೇಳಿದಳು. ಅವರು ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡು, ಯಾರಿಗೋ ಫೋನ್ ಮಾಡಿದರು. ಲಾರಿ ಬೆಂಗಳೂರಿನ ದೊಡ್ಡ ಗುಜರಿಯಲ್ಲಿ ಆಗಲೇ ಖಾಲಿಯಾಗಿತ್ತು. ಅಲ್ಲಿ ಇಂಥವು ಗುಡ್ಡದಷ್ಟು ಬಿದ್ದಿವೆಯಂತೆ. ಅವರು ನಮಗೆ ಟೀ ತರಿಸಿದರು. ಆ ಇಡೀ ದಿನದಲ್ಲಿ ಶಾಹೀನಳನ್ನು ಏನಾಯ್ತಮ್ಮ ಎಂದು ಕೇಳಿದವರು ಅವರೊಬ್ಬರೇ.

ವರಲಕ್ಷ್ಮಿ ಅಂದು ಮನೆಯಲ್ಲಿ ಜಗಳ ಆಡಿದ್ದಾಳೆ. ಮರುದಿನ ನಾನು ಹೋದಾಗ ನಾರಾಯಣರೆಡ್ಡಿ ನನಗೇ ನ್ಯಾಯ ಒಪ್ಪಿಸಿದರು.

"ನೀವೇ ಹೇಳಿ ಅತ್ತಿಗೆ, ದಾನ ಕೊಟ್ಟ ಹಸೂನ ಹಲ್ಲು ಎಣಿಸ್ತಾರಾ ಯಾರಾದ್ರೂ?"

ವರಲಕ್ಷ್ಮಿ ಒಳಗಿನಿಂದಲೇ ಹೇಳಿದಳು, "ಹಲ್ಲು ಯಾರೂ ಎಣಿಸ್ತಿಲ್ಲ. ಹಾಲು ಕೊಡ್ತಿದ್ದ ನಮ್ಮ ಹಸೂನ ಯಾಕೆ ಬಿಚ್ಚಿ ಕಳಿಸಿದ್ರಿ ಅಂತ ಕೇಳ್ತಿದ್ದೀವಿ."

ಅವರು ಪೇಪರ್ ಬಿಡಿಸಿಕೊಂಡರು. ಅದರಲ್ಲಿ ಸಮಾರಂಭದ ಫೋಟೋ ಬಂದಿತ್ತು. ಮೌಸ್ ಹಿಡಿದ ಶಾಹೀನ್ ನಡುವೆ ಇದ್ದಳು. ಕೆಳಗೆ ಬರೆದಿತ್ತು: ಗ್ರಾಮೀಣ ಮಹಿಳೆಯರಿಗೆ ಡಿಜಿಟಲ್ ಜಗತ್ತಿನ ಪರಿಚಯ.

ಹೊಸ ಕಂಪ್ಯೂಟರ್‌ಗಳು ಈಗ ಪ್ಲಾಸ್ಟಿಕ್ ಹೊದ್ದು ಕೂತಿವೆ. ಎಲ್ಲದರಲ್ಲೂ ವಿಂಡೋಸ್, ಎಲ್ಲ ಇಂಗ್ಲಿಷಿನಲ್ಲಿದೆ. ಶಾಹೀನಳ ಆ ಚಿತ್ರದ ತಂತ್ರಾಂಶ ವಿಂಡೋಸ್‌ನಲ್ಲೂ ಕೂರುತ್ತದೆ ಎನ್ನುತ್ತಾನೆ ಸಾದಿಕ್. ಹಾಗಾಗಿ ಇದು ವಿಂಡೋಸ್‌ನ ತಪ್ಪೇನಲ್ಲ. ಆದರೆ ಹೊಸದಾಗಿ ಏನು ಹಾಕಬೇಕಾದರೂ ಬೆಂಗಳೂರಿನಿಂದ ಅನುಮತಿ ಬೇಕು. ಕನ್ನಡಕ್ಕೆ ತಿರುಗಿಸಲೂ ಬೇಕು. ಕೇಳಿದ್ದೇವೆ. "ನೋಡ್ತೀವಿ" ಎಂದಿದ್ದಾರೆ. ಮುನಿರತ್ನಮ್ಮ ಒಂದು ಸಲ ಬಂದು, ತೆರೆ ನೋಡಿ, "ಇದು ನಮ್ಮದಲ್ಲಮ್ಮ" ಎಂದು ಹೋದವರು ಮತ್ತೆ ಬಂದಿಲ್ಲ.

ಯೋಚಿಸುತ್ತೇನೆ. ಕದ್ದ ವಿಂಡೋಸ್ ಇಟ್ಟುಕೊಂಡ ಮನೆಗಳಿಗೆ ಯಾರೂ ಹೋಗಿ ಪಾಪ ಎನ್ನುವುದಿಲ್ಲ. ದುಡ್ಡು ಕೊಡದೆ, ಕದಿಯದೆ, ತಮ್ಮ ಭಾಷೆಯಲ್ಲಿ, ತಮ್ಮ ಕೈಯಾರೆ ಕೆಲಸ ಮಾಡಿಕೊಂಡವರನ್ನು ಕಂಡರೆ ಮಾತ್ರ ನಮಗೆ ಅಯ್ಯೋ ಎನಿಸುತ್ತದೆ. ಬಡವರು ಏನನ್ನಾದರೂ ಇಷ್ಟಪಟ್ಟು ಆರಿಸಿಕೊಳ್ಳಬಹುದು ಎಂಬುದೇ ನಮ್ಮ ತಲೆಗೆ ಹೋಗುವುದಿಲ್ಲ. ಗತಿಯಿಲ್ಲದೆ ಇಟ್ಟುಕೊಂಡಿದ್ದಾರೆ ಎಂದೇ ನಾವು ಓದಿಕೊಳ್ಳುವುದು.

ಶಾಹೀನ್ ಇದ್ದ ಕೆಲವೇ ಪ್ರಿಂಟ್‌ಗಳನ್ನು ಹಿಡಿದು ಚಿಂತಾಮಣಿಯ ಆ ಅಂಗಡಿಗೆ ಹೋದಳು. ಸೀಸನ್ ಹತ್ತಿರ ಬಂದಿತ್ತು, ಒಡತಿ ಕಾಯಲಿಲ್ಲ. ಇಂಟರ್‌ನೆಟ್ಟಿನಿಂದ ಡಿಸೈನ್ ಇಳಿಸಿಕೊಡುವ ಇನ್ನೊಬ್ಬರಿಗೆ ಕೆಲಸ ಕೊಟ್ಟಳು. ತುಂಬುವ ಕೆಲಸ ಬೇಕಾದರೆ ಮಾಡು ಎಂದಳಂತೆ. ನಿನ್ನೆ ಶಾಹೀನ್ ಮನೆಗೆ ಹೋಗಿದ್ದೆ. ಚೌಕಟ್ಟಿನ ಮುಂದೆ ಕೂತು ಮಣಿ ಹಚ್ಚುತ್ತಿದ್ದಳು.

ನವಿಲು.

ಸಾದಿಕ್ ಹತ್ತಿರ ಇನ್ನೊಂದು ಹಳೇ ಕಂಪ್ಯೂಟರ್ ಇದೆ, ಲಿನಕ್ಸ್ ಹಾಕಿ ನಿನ್ನ ಮನೆಗೇ ತಂದಿಡುತ್ತಾನಂತೆ ಎಂದೆ. ಅವಳು ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದಳು:

"ಬೇಡ ಟೀಚರಮ್ಮ. ಮತ್ತೆ ಯಾರಾದ್ರೂ ನಮಗೆ ಒಳ್ಳೇದು ಮಾಡೋಕೆ ಬಂದ್ಬಿಟ್ರೆ?"