ಅಕ್ಕನ ಎದೆಯ ಹನ್ನೆರಡು ತುಂಡು

ಸೂರ್ಯಗ್ರಹಣ ನೋಡಲು ಹಳೆಯ ಎಕ್ಸ್‌ರೇ ಹಾಳೆ ತನ್ನಿ ಎಂದು ವಿಜ್ಞಾನದ ಮೇಷ್ಟ್ರು ಹೇಳಿದ ಕೂಡಲೇ ಕೈ ಎತ್ತಿದವಳು ನಾನು. ಬೇರೆಯವರ ಮನೆಗಳಲ್ಲಿ ಮುರಿದ ಬೆರಳು, ಉಳುಕಿದ ಮಣಿಕಟ್ಟು ಎಂದು ಅಂಗೈಯಗಲದ ಹಾಳೆ ಇದ್ದರೆ ಹೆಚ್ಚು. ನಮ್ಮ ಮನೆಯಲ್ಲಿ ಇದ್ದದ್ದು ಪೂರ್ತಿ ಎದೆ! ರಾಗಿ ಒಣಗಿಸುವ ಚಾಪೆಯಷ್ಟು ದೊಡ್ಡದು ಎಂದು ಇಡೀ ಹತ್ತನೇ ಕ್ಲಾಸಿಗೆ ಸಾರಿಬಿಟ್ಟೆ.

ಯಾರ ಎದೆ ಎಂದು ಮಾತ್ರ ಸಾರಲಿಲ್ಲ. ಅದು ನಮ್ಮಕ್ಕನದು. ಅವಳಿಗೆ ಕ್ಷಯ ಬಂದಿತ್ತು. ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿದ್ದು ಎಂಟು ತಿಂಗಳು ಮಾತ್ರೆ ನುಂಗಿ ಗುಣವಾಗಿ ದೇವನಹಳ್ಳಿಗೆ ಬಂದಿದ್ದಳು. ಬೀದಿಯವರಿಗೆ ಅಮ್ಮ ಹೇಳಿದ್ದು, ಟೈಲರಿಂಗ್ ಕಲಿಯಲು ಹೋಗಿದ್ದಾಳೆ ಎಂದು. ಎಂಟು ತಿಂಗಳು ಕಲಿತರೂ ಅಕ್ಕನಿಗೆ ಗುಂಡಿ ಹಾಕಲು ಬರುತ್ತಿರಲಿಲ್ಲ, ಅದು ಬೇರೆ ಮಾತು. ಸುಳ್ಳು ನಿಜವಾಗಿ ಕಾಣಲೆಂದು ಅಮ್ಮ ಒಂದು ದೊಡ್ಡ ಕತ್ತರಿಯನ್ನೂ ಕೊಂಡಿಟ್ಟಿದ್ದಳು. ಇನ್ನು ಒಂಬತ್ತು ದಿನಕ್ಕೆ ಕುಂದಾಣದ ಹುಡುಗನ ಜೊತೆ ನಿಶ್ಚಿತಾರ್ಥ. ಕಾಯಿಲೆಯ ವಿಷಯ ಹೊರಗೆ ಬಿದ್ದರೆ ಆ ಸಂಬಂಧವೂ ಇಲ್ಲ, ಮುಂದೆ ಬೇರೆ ಸಂಬಂಧವೂ ಇಲ್ಲ ಎಂದು ಅಮ್ಮ ದೀಪ ಮುಟ್ಟಿಸಿ ಎಲ್ಲರಿಂದ ಆಣೆ ಮಾಡಿಸಿದ್ದಳು.

ಬಾಯಿ ಬಿಡಬಾರದೆಂದು ತಾನೇ ಆಣೆ? ಹಾಳೆಯ ಸುದ್ದಿ ಅದರಲ್ಲಿ ಇರಲಿಲ್ಲ. ಪಕ್ಕೆಲುಬು ನೋಡಿ ಯಾರದೆಂದು ಯಾರು ಹೇಳುತ್ತಾರೆ? ಅಕ್ಕನ ಟ್ರಂಕಿನಿಂದ ಕದ್ದು, ಅದೇ ಕತ್ತರಿಯಿಂದ ಹನ್ನೆರಡು ತುಂಡು ಮಾಡಿದೆ.

ಗ್ರಹಣದ ದಿನ ಬೆಳಿಗ್ಗೆ ಸ್ಕೂಲಿನ ಮೈದಾನದಲ್ಲಿ ತುಂಡು ಹಂಚುವಾಗ ನನ್ನ ಗತ್ತೇ ಗತ್ತು.

"ಯಾರ್ದೇ ಇದು?" ಎಂದಳು ಒಬ್ಬಳು.

"ಬೆಂಗ್ಳೂರಿನ ಒಬ್ಬ ಪೈಲ್ವಾನಂದು. ಉಸಿರು ಬಿಟ್ರೆ ಎಕ್ಸ್‌ರೇ ರೂಮಿನ ಬಾಗ್ಲೇ ತೆಗೆದ್ಕೊಳ್ತಿತ್ತಂತೆ."

"ಪೈಲ್ವಾನಂಗೆ ಇಷ್ಟು ಸಣ್ಣ ಮೂಳೇನಾ?"

ಎಲ್ಲರೂ ನಕ್ಕರು. ನಗದೆ ಇದ್ದವಳು ಒಬ್ಬಳೇ. ಅವಳು ಕುಂದಾಣದಿಂದ ಬಸ್ಸಿನಲ್ಲಿ ಬರುವ ನನ್ನ ಸಹಪಾಠಿ, ಅಕ್ಕನನ್ನು ಮದುವೆಯಾಗಲಿದ್ದ ಹುಡುಗನ ತಂಗಿ. ಎಲ್ಲರೂ ಸೂರ್ಯನನ್ನು ನೋಡುತ್ತಿದ್ದರೆ ಅವಳು ತುಂಡನ್ನೇ ಹತ್ತಿರಕ್ಕೆ ಹಿಡಿದುಕೊಂಡಿದ್ದಳು. ತುಟಿ ಅಲ್ಲಾಡುತ್ತಿತ್ತು. ಓದುತ್ತಿದ್ದಳು! ಓಡಿದೆ.

"ಕೊಡೇ, ಆ ತುಂಡು ಸರಿಯಿಲ್ಲ. ಕಣ್ಣು ಹೋಗ್ತೈತೆ."

"ಇದ್ರಾಗೆ ನಮ್ಮತ್ತಿಗೆ ಹೆಸ್ರೈತೆ."

ಮೂಲೆಯಲ್ಲಿ ಬಿಳಿ ಅಕ್ಷರ. ಕತ್ತರಿಸುವ ಅವಸರದಲ್ಲಿ ನಾನು ನೋಡಿಯೇ ಇರಲಿಲ್ಲ.

"ಅದು ನಮ್ಮಜ್ಜಿದು ಕಣೇ. ಅಕ್ಕಂಗೆ ಅಜ್ಜಿ ಹೆಸ್ರೇ ಇಟ್ಟವ್ರೆ."

"ವಯಸ್ಸು ಹತ್ತೊಂಬತ್ತು ಅಂತೈತೆ. ನಿಮ್ಮಜ್ಜಿಗೆ ಹತ್ತೊಂಬತ್ತಾ?"

ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಬಾಯಿಗೆ ಸುಳ್ಳು ಬರಲಿಲ್ಲ. ಅವಳು ತುಂಡನ್ನು ಜಾಮಿಟ್ರಿ ಬಾಕ್ಸಿಗೆ ಹಾಕಿ ಮುಚ್ಚಿದಳು. ಬೇಡಿದೆ, ಬೈದೆ, ಕಾಲು ಹಿಡಿಯುವುದೊಂದು ಬಾಕಿ. ಕೊಡಲಿಲ್ಲ.

ಉಳಿದ ಹನ್ನೊಂದನ್ನು ಒಟ್ಟುಮಾಡಿಕೊಂಡು ಮನೆಗೆ ಬಂದೆ. ಗ್ರಹಣ ಬಿಟ್ಟ ಮೇಲಿನ ಸ್ನಾನ ಮುಗಿಸಿ ಅಕ್ಕ ತಲೆ ಒರೆಸಿಕೊಳ್ಳುತ್ತಿದ್ದಳು.

"ಅಕ್ಕಾ, ಕ್ಷಯ ಈಗ ಅಂಥಾ ದೊಡ್ಡ ಕಾಯ್ಲೆ ಏನಲ್ವಂತೆ..."

ಅವಳು ನನ್ನ ಚೀಲ ಕಿತ್ತುಕೊಂಡಳು. ತುಂಡುಗಳನ್ನು ನೆಲದ ಮೇಲೆ ಒಂದಕ್ಕೊಂದು ಕೂಡಿಸಿದಳು. ಒಂದು ಮೂಲೆ ಖಾಲಿ. ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ನನ್ನ ಬೆನ್ನಿಗೆ ಎರಡು ಬಿಟ್ಟು ಗೋಳಾಡತೊಡಗಿದಳು. ಅಕ್ಕ ಅಳಲಿಲ್ಲ.

"ಹನ್ನೆರಡು ಜನ ನನ್ನೆದೆ ಹಿಡ್ಕೊಂಡು ನೋಡಿದ್ರಾ?"

"ಯಾರ್ದು ಅಂತ ಅವ್ರಿಗ್ ಗೊತ್ತಿರ್ಲಿಲ್ಲ ಕಣಕ್ಕಾ."

"ನಂಗ್ ಗೊತ್ತಲ್ಲೇ, ನಂದು ಅಂತ. ರವಿಕೆ ತೆಗೆದು ಆ ತಣ್ಣನೆ ಹಲಗೆಗೆ ಒರಗಿ ನಿಂತಿದ್ದು ನಾನು."

ಮಾತ್ರೆಯ ಲೆಕ್ಕ ಬರೆದ ಆಸ್ಪತ್ರೆಯ ಚೀಟಿ ತೆಗೆದುಕೊಂಡು ಅವಳು ಚಪ್ಪಲಿ ಮೆಟ್ಟಿದಳು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ನಾವಾಗೇ ಹೋಗಿ ಹೇಳ್ಕೊಳ್ಳೋದೇನೇ?"

"ಬೇರೆಯವ್ರು ಹೇಳೋಕ್ ಮುಂಚೆ ನಾನ್ ಹೇಳ್ಬೇಕು, ಬಿಡಮ್ಮ."

ನನ್ನನ್ನೂ ಎಳೆದುಕೊಂಡು ಕುಂದಾಣದ ಬಸ್ಸು ಹತ್ತಿದಳು, ನೇರ ಹುಡುಗನ ಮನೆಗೆ. ಹುಡುಗನ ತಂಗಿ ಇನ್ನೂ ಬಾಯಿ ಬಿಟ್ಟಿರಲಿಲ್ಲ ಎಂದು ಅವರಮ್ಮನ ನಗುಮುಖದಿಂದಲೇ ತಿಳಿಯಿತು. ಕಾಫಿ ಬಂತು. ಅಕ್ಕ ಕೂರಲಿಲ್ಲ. ನಿಂತೇ ಎಲ್ಲ ಹೇಳಿದಳು.

ಆ ನಗು ಅಲ್ಲೇ ನಿಂತಿತು. "ನಾವ್ ಹೆಣ್ ನೋಡೋಕ್ ಬಂದಾಗ ಯಾಕವ್ವಾ ಹೇಳ್ಲಿಲ್ಲ?"

"ಹೆದರ್ಕೊಂಡಿದ್ದೆ. ತಪ್ಪಾಯ್ತು."

"ಕೊಡು ಆ ಚೀಟಿ. ನಮ್ಮಣ್ಣಂಗೆ, ನಮ್ಮ ದಾಯಾದಿಗಳಿಗೆಲ್ಲ ತೋರಿಸಿ ಕೇಳ್ಬೇಕು." ಅವರು ಕೈ ಚಾಚಿದರು.

ಕೊಡು ಅಕ್ಕಾ, ಕೊಟ್ಟುಬಿಡು ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಅಕ್ಕ ಚೀಟಿಯನ್ನು ಎದೆಗೆ ಒತ್ತಿಕೊಂಡಳು.

"ನಿಮ್ ಮಗ ನೋಡ್ಲಿ. ಬೇರೆ ಯಾರ್ಗೂ ತೋರ್ಸಲ್ಲ."

"ಹಂಗಾದ್ರೆ ಈ ಸಂಬಂಧ..."

ಅವರು ಮಾತು ಮುಗಿಸಲಿಲ್ಲ. ಒಳಮನೆಯ ಬಾಗಿಲಲ್ಲಿ ಹುಡುಗ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಬಂದು ಕೈ ಒಡ್ಡಿದ. ಅಕ್ಕ ಕೊಟ್ಟಳು. ಬೆಳಕಿಗೆ ತಿರುಗಿ ನಿಧಾನವಾಗಿ ಓದಿದ, ಹಿಂಬದಿಯನ್ನೂ ಓದಿದ. ಅವರಮ್ಮ ಮತ್ತೆ ಕೈ ಚಾಚಿದರು. ಅವನು ಅದನ್ನು ಮಡಚಿ ಅಕ್ಕನ ಕೈಗೇ ವಾಪಸು ಕೊಟ್ಟ.

"ಕೂತ್ಕೊಳ್ಳಿ," ಎಂದ. "ಕಾಫಿ ಆರೋಗ್ತೈತೆ."