ಹರಳಕ್ಕ
ಪ್ರಯೋಗಾಲಯದವರೆಲ್ಲ ಹರಳಕ್ಕ ಎಂದೇ ಕರೆಯುವ ಆಕೆಗೆ ಒಂದು ಪುಟ್ಟ ಉಪಕರಣದೊಳಗಿನ ಎರಡು ವಜ್ರಗಳ ತುದಿಗಳ ನಡುವೆ ಜ್ವರದ ಔಷಧದ ಹರಳಿಟ್ಟು, ಅದರ ಅಣುಗಳು ಹೊಸದಾಗಿ ಜೋಡಣೆಯಾಗುವಂತೆ ಒತ್ತುವುದೇ ಲೋಕ. ಒತ್ತಡ ಏರಿಸುವ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸುತ್ತಾಳೆ; ಪಕ್ಕದ ಕೋಣೆಯಲ್ಲಿ ಯಾರಾದರೂ ಸೀನಿದರೆ, "ಯಾರ್ರೀ ಅದು? ನನ್ನ ಅಣುಗಳು ಬೆಚ್ಚಿಬಿದ್ವು!" ಎಂದು ಗದರುತ್ತಾಳೆ. "ವಜ್ರ ಇಟ್ಕೊಂಡು ಬರಿಗಿವೀಲಿ ಓಡಾಡ್ತೀಯಲ್ಲೇ" ಎಂದು ತಾಯಿ ಹಂಗಿಸಿದರೆ, "ಕಿವೀಲಿ ಕೂತ್ರೆ ಅವು ಸೋಮಾರಿಯಾಗ್ತವಮ್ಮ" ಎನ್ನುತ್ತಾಳೆ. ಈವರೆಗೆ ಹನ್ನೊಂದು ಹರಳು ಒಡೆದು ಪುಡಿಯಾಗಿದ್ದವು. ಇಂದು ಹನ್ನೆರಡನೆಯದರ ಎಕ್ಸ್-ರೇ ಚಿತ್ರ ನೋಡಿದವಳೇ ಕಾರಿಡಾರಿಗೆ ಓಡಿಬಂದು, "ಒಡೀಲಿಲ್ಲ, ಬನ್ರೀ ಎಲ್ರೂ! ಅಣುಗಳು ಒತ್ತೊತ್ತಾಗಿ ಹೊಸ ಸಾಲು ಕಟ್ಕೊಂಡಿವೆ!" ಎಂದು ಕೂಗಿದಳು. ಆದರೆ ಔಷಧವಾಗಿ ಉಪಯೋಗಕ್ಕೆ ಬರಲು ಒತ್ತಡ ಇಳಿಸಿದ ಮೇಲೂ ಆ ಸಾಲು ಉಳಿಯಬೇಕಲ್ಲ! ಎಲ್ಲರೂ ಒಳಬಂದು ಸುತ್ತ ನೆರೆಯಲು, ಆಕೆ ಸ್ಕ್ರೂ ಸಡಿಲಿಸಿ, ಮತ್ತೆ ಚಿತ್ರ ತೆಗೆದಳು. ಹೊಸ ಸಾಲು ಹಾಗೇ ಇತ್ತು. ಕಟ್ಟಡ ನಡುಗುವಂತೆ ಕೂಗುತ್ತಾಳೆಂದು ಎಲ್ಲರೂ ಕಾದರೆ, ಹರಳಕ್ಕ ಆ ಪುಟ್ಟ ಉಪಕರಣವನ್ನು ಅಂಗೈಯಲ್ಲಿಟ್ಟುಕೊಂಡು ಮೆಲ್ಲಗೆ, "ತುಂಬಾ ನೋವಾಯ್ತೇನೋ ಪುಟ್ಟಾ?" ಎಂದಳು.